ಬದುಕಿದ್ದವನ ಶ್ರದ್ಧಾಂಜಲಿ ಫ್ಲೆಕ್ಸ್

ಹೆಸರು: ಭುವನಾ, ತಂದೆ ಶಶಿಧರ
ವಯಸ್ಸು: 22 ವರ್ಷ
ಕಸುಬು: ವಿದ್ಯಾರ್ಥಿನಿ, ಅಂಕಪರದೆ ರಂಗಶಿಕ್ಷಣ ಕೇಂದ್ರ, ಕಡೂರು
ವಾಸ: ರೈಲ್ವೆ ಸ್ಟೇಷನ್ ರಸ್ತೆ, ಕಡೂರು ಟೌನ್

ಸಿಂಗಟಗೆರೆ ಗ್ರಾಮದ ವಾಸಿ ಅಂಜಿನಮ್ಮ, 74 ವರ್ಷ, ಇವರು ಕಾಣೆಯಾಗಿದ್ದಾರೆಂದು ನಿನ್ನೆ ದಿನಾಂಕ 20-04-2025ರ ಭಾನುವಾರ ಮಧ್ಯಾಹ್ನ ಈ ಠಾಣೆಯಲ್ಲಿ ಕೊಟ್ಟ ದೂರಿನ ಸಂಬಂಧ ಇಂದು ನನ್ನನ್ನು ಕರೆಸಿ ವಿಚಾರಿಸಲಾಗಿ, ನಾನು ಯಾರ ಬಲವಂತವೂ ಇಲ್ಲದೆ, ನಡೆದದ್ದನ್ನು ನಡೆದ ಹಾಗೆ ತಿಳಿಸುವುದೇನೆಂದರೆ:

ನಾನು ಮೇಲ್ಕಂಡ ಕೇಂದ್ರದಲ್ಲಿ ಒಂದು ವರ್ಷದ ನಾಟಕದ ಡಿಪ್ಲೊಮಾ ಓದುತ್ತಿದ್ದೇನೆ. ನಾವು ಒಟ್ಟು ಏಳು ಜನ ವಿದ್ಯಾರ್ಥಿಗಳು. ಇದೇ ತಿಂಗಳ 27ರಂದು ತರೀಕೆರೆಯಲ್ಲಿ ಒಂದು ನಾಟಕ ಆಡಬೇಕೆಂದು ತಯಾರಿ ನಡೆಸಿದ್ದೆವು. ನಾಟಕದ ನಿರ್ದೇಶನ ನನ್ನದು. ಎ.ಎಸ್.ಐ. ಸಾಹೇಬರು ಕಥೆ ಬೇಡ, ಗಂಟೆ ನಿಮಿಷ ಹೇಳು ಎಂದಿದ್ದಾರೆ. ಆದರೂ ಕಥೆಯನ್ನು ಎರಡು ಸಾಲಿನಲ್ಲಿ ಹೇಳದಿದ್ದರೆ ಫ್ಲೆಕ್ಸ್ ಯಾಕೆ ಬೇಕಾಯಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಹೇಳದೆ ಕೇಳದೆ ಊರು ಬಿಟ್ಟ ಒಬ್ಬನನ್ನು ಸತ್ತನೆಂದು ತಿಳಿದು ಮನೆಯವರು ಕರ್ಮ ಮಾಡುತ್ತಾರೆ. ಮೂರನೆಯ ದಿನ ಹಾಲುತುಪ್ಪ ಬಿಡುವ ಹೊತ್ತಿಗೆ ಅವನು ಬಂದು ನಿಲ್ಲುತ್ತಾನೆ. ಇಷ್ಟೇ ಕಥೆ. ಸತ್ತವನ ಪಾತ್ರ ಸಿಂಗಟಗೆರೆಯ ಪರಮೇಶ್, ತಂದೆ ಚಿಕ್ಕಬೀರಪ್ಪ, 21 ವರ್ಷ, ಇವನದು. ಕಾಣೆಯಾದ ಅಂಜಿನಮ್ಮನವರು ಈ ಪರಮೇಶನ ಅಜ್ಜಿ, ಅವನ ತಂದೆಯ ತಾಯಿ.

ದಿನಾಂಕ 18-04-2025ರ ಶುಕ್ರವಾರ ಸಂಜೆ 4 ಗಂಟೆಗೆ ನಾವೆಲ್ಲ ಕೂತು ರಂಗಸಜ್ಜಿಕೆ ಬಗ್ಗೆ ಮಾತಾಡಿದೆವು. ಈಗ ಯಾವ ಊರಿನಲ್ಲಿ ಯಾರು ಸತ್ತರೂ ಹೆಣ ಮನೆಗೆ ಬರುವ ಮೊದಲೇ ಸರ್ಕಲ್ಲಿನಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಫ್ಲೆಕ್ಸ್ ಏಳುತ್ತದೆ. ಆದ್ದರಿಂದ ಎರಡನೆಯ ದೃಶ್ಯಕ್ಕೆ ಅಂಥದೊಂದು ಫ್ಲೆಕ್ಸ್ ಬೇಕೇ ಬೇಕು ಎಂದು ನಾನು ಹಠ ಹಿಡಿದೆ. ಯಾರ ಫೋಟೋ ಹಾಕುವುದು ಎಂಬ ಪ್ರಶ್ನೆ ಬಂದಾಗ ಒಬ್ಬರೂ ಒಪ್ಪಲಿಲ್ಲ. ಸತ್ತವನ ಹೆಂಡತಿಯ ಪಾತ್ರ ಮಾಡುವ ಪ್ರತಿಮಾ, ಬಿಡ್ತು ಅನ್ನೇ, ಅಪಶಕುನ ಎಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಆಗ ಪರಮೇಶ್ ನಕ್ಕು, ನಂದೇ ಹಾಕ್ರೋ, ಆಯಸ್ಸು ಜಾಸ್ತಿ ಆಗುತ್ತಂತೆ ಎಂದನು. ನಮ್ಮ ಕೇಂದ್ರದ ಮುಖ್ಯಸ್ಥರಾದ ಪಂಕಜಾಕ್ಷಿ ಮೇಡಂ ಅವರು ಬದುಕಿರುವವರ ಫೋಟೋಗೆ ಹಾರ ಹಾಕಬೇಡಿ, ಬೇಕಾದರೆ ಇದ್ದಿಲಿನಲ್ಲಿ ಒಂದು ಮುಖ ಬರೆದುಕೊಳ್ಳಿ, ಫ್ಲೆಕ್ಸಿನಲ್ಲಿ ಹೆಸರಾದರೂ ಪಾತ್ರದ ಹೆಸರೇ ಇರಲಿ ಎಂದು ತಿಳಿಹೇಳಿದರು. ನಾನು ಕೇಳಲಿಲ್ಲ. ತನ್ನ ಹೆಸರು, ತನ್ನ ಊರು ಕಣ್ಣೆದುರಿಗೆ ಬರೆದಿದ್ದರೇ ನಟನಿಗೆ ನಿಜವಾದ ಹೆದರಿಕೆ ಹುಟ್ಟುವುದು ಎಂದು ವಾದಿಸಿದೆ. ಹೆದರಿಕೆ ಬೇಕೆಂದು ಕೇಳಿದವಳು ನಾನೇ. ಅದು ಬಂತು.

ದಿನಾಂಕ 19-04-2025ರ ಶನಿವಾರ ರಾತ್ರಿ 8 ಗಂಟೆ 40 ನಿಮಿಷಕ್ಕೆ ನಾನು ಕಡೂರು ಬಸ್ ನಿಲ್ದಾಣದ ಹಿಂದೆ ಫ್ಲೆಕ್ಸ್ ಅಂಗಡಿ ಇಟ್ಟಿರುವ ಗುಂಡಣ್ಣನವರ ವಾಟ್ಸಾಪಿಗೆ ಪರಮೇಶನ ಫೋಟೋ ಮತ್ತು ಬರಹ ಕಳಿಸಿದೆ. ಅದರಲ್ಲಿ ಅವನ ಹೆಸರು, ಜನನ ದಿನಾಂಕ, ಮರಣ ಎಂದು ಮರುದಿನದ ತಾರೀಖು 20-04-2025, ಸಿಂಗಟಗೆರೆ, ದುಃಖತಪ್ತ ಕುಟುಂಬ ವರ್ಗ ಮತ್ತು ಗೆಳೆಯರ ಬಳಗ ಎಂದು ಬರೆದಿದ್ದೆ. ನಾಟಕ ಎಂಬ ಮಾತು ಬರಹದಲ್ಲಿ ಎಲ್ಲಿಯೂ ಇರಲಿಲ್ಲ. ಅದರ ಹಿಂದೆಯೇ, ಇದು ನಾಟಕಕ್ಕೆ ಅಣ್ಣ, ಸೋಮವಾರ ನಾನೇ ಬಂದು ತಗೊಂಡು ಹೋಗುತ್ತೇನೆ ಎಂದು ಧ್ವನಿ ಸಂದೇಶ ಕಳಿಸಿದೆ. ಅದು 14 ಸೆಕೆಂಡಿನದು, ನನ್ನ ಫೋನಿನಲ್ಲಿ ಈಗಲೂ ಇದೆ.

ಗುಂಡಣ್ಣನವರು ಆ ಧ್ವನಿ ಸಂದೇಶ ಕೇಳಲಿಲ್ಲ. ಇದನ್ನು ಅವರು ನಿನ್ನೆ ಸಂಜೆ ಫೋನಿನಲ್ಲಿ ಅಳುತ್ತಾ ನನಗೆ ಹೇಳಿದರು. ಅವರ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಸಾವಿನ ಫ್ಲೆಕ್ಸ್ ಬಂದರೆ ಬೇರೆಲ್ಲ ಕೆಲಸ ಪಕ್ಕಕ್ಕಿಟ್ಟು ಅದನ್ನು ಮೊದಲು ಮಾಡುತ್ತಾರೆ. ಮುಂಗಡ ಕೇಳುವುದಿಲ್ಲ. ಸಾವಿನ ಮನೆಗೆ ಫೋನ್ ಮಾಡಿ ಎಲ್ಲಿ ಕಟ್ಟಬೇಕು, ಯಾವಾಗ ಬೇಕು ಎಂದು ಕಾಡುವುದಿಲ್ಲ. ಊರಿನ ಹೆಸರು ನೋಡಿ ತಾವೇ ಹೋಗಿ ಸರ್ಕಲ್ಲಿನಲ್ಲಿ ಕಟ್ಟಿ, ಕೈ ಮುಗಿದು ಬರುತ್ತಾರೆ. ಭಾನುವಾರ ಬೆಳಿಗ್ಗೆ 7 ಗಂಟೆ 30 ನಿಮಿಷಕ್ಕೆ ಅವರು ಫೋಟೋ ನೋಡಿ, ಅಯ್ಯೋ ಎಳೇ ಹುಡುಗ ಎಂದು ಮರುಗಿ, ಆರು ಅಡಿ ನಾಲ್ಕು ಅಡಿಯ ಫ್ಲೆಕ್ಸ್ ಮುದ್ರಿಸಿ, ತಮ್ಮದೇ ಗಾಡಿಯಲ್ಲಿ ಸುಮಾರು 20 ಕಿ.ಮೀ. ದೂರದ ಸಿಂಗಟಗೆರೆಗೆ ಹೋಗಿ 9 ಗಂಟೆ 15 ನಿಮಿಷಕ್ಕೆ ಕಟ್ಟಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ. ಅವರ ಮೇಲೆ ನನ್ನ ದೂರು ಇಲ್ಲ.

ಆ ದಿನ ನಾವು ಬೆಳಿಗ್ಗೆ 9 ಗಂಟೆಗೆ ತಾಲೀಮು ಶುರು ಮಾಡಿದ್ದೆವು. ತಾಲೀಮು ನಡೆಯುವುದು ಮಾರುಕಟ್ಟೆ ಪ್ರಾಂಗಣದ ಹಿಂಭಾಗದ ಒಂದು ಹಳೆಯ ಕೊಬ್ಬರಿ ಗೋದಾಮಿನಲ್ಲಿ. ತಾಲೀಮಿನ ಹೊತ್ತಿನಲ್ಲಿ ಎಲ್ಲರ ಫೋನು ಆಫ್ ಮಾಡಿ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ ಬೀಗ ಹಾಕುವುದು ನಾನು ತಂದ ನಿಯಮ. ಬೀಗದ ಕೈ ನನ್ನ ಕುತ್ತಿಗೆಯ ದಾರದಲ್ಲಿ ಇರುತ್ತದೆ. ಮನೆಗೆ ಬೆಂಕಿ ಬಿದ್ದರೂ ಮಧ್ಯಾಹ್ನದವರೆಗೆ ಡಬ್ಬ ತೆಗೆಯುವುದಿಲ್ಲ ಎಂದು ಜಂಬದಿಂದ ಹೇಳುತ್ತಿದ್ದೆ.

ಸಿಂಗಟಗೆರೆಯಲ್ಲಿ ನಡೆದದ್ದನ್ನು ಸರ್ಕಲ್ಲಿನಲ್ಲಿ ದಿನಸಿ ಅಂಗಡಿ ಇಟ್ಟಿರುವ ಲಕ್ಕಣ್ಣನವರಿಂದ ಆಮೇಲೆ ತಿಳಿದೆ. ಪರಮೇಶನ ತಂದೆ ತಾಯಿ ಆ ದಿನ ಬೆಳಿಗ್ಗೆ 7 ಗಂಟೆಗೆ ನೆಂಟರ ಮಗುವಿನ ನಾಮಕರಣಕ್ಕೆಂದು ತರೀಕೆರೆಗೆ ಹೋಗಿದ್ದರು. 9 ಗಂಟೆ 30 ನಿಮಿಷಕ್ಕೆ ಅಂಜಿನಮ್ಮನವರು ಬೆಲ್ಲ ತರಲು ಅಂಗಡಿಗೆ ಬಂದಿದ್ದಾರೆ. ಅವರಿಗೆ ಓದು ಬರುವುದಿಲ್ಲ. ಫೋಟೋ ನೋಡಿದ್ದಾರೆ, ಫೋಟೋದ ಎರಡೂ ಬದಿಗೆ ದೀಪ ನೋಡಿದ್ದಾರೆ. ಲಕ್ಕಣ್ಣ, ಅದೇನ್ ಬರದೈತೆ ಓದಪ್ಪ ಎಂದು ಕೇಳಿದ್ದಾರೆ. ಲಕ್ಕಣ್ಣನವರಿಗೆ ಓದಲು ಬಾಯಿ ಬರಲಿಲ್ಲ. ಅವರು ಸುಮ್ಮನೆ ನಿಂತದ್ದೇ ಅಜ್ಜಿಗೆ ಉತ್ತರವಾಯಿತು. ಲಕ್ಕಣ್ಣ ಪರಮೇಶನ ಫೋನಿಗೆ ಹನ್ನೊಂದು ಸಲ ಫೋನ್ ಮಾಡಿದ್ದಾರೆ. ಆಫ್ ಎಂದು ಬಂದಿದೆ. ಚಿಕ್ಕಬೀರಪ್ಪನವರಿಗೆ ಮಾಡಲು ಹೋದಾಗ ಅಜ್ಜಿ ತಡೆದಿದ್ದಾರೆ. ಅವರು ಹೇಳಿದ ಮಾತನ್ನು ಲಕ್ಕಣ್ಣ ಹೇಳಿದಂತೆಯೇ ಬರೆಸುತ್ತಿದ್ದೇನೆ: "ಯಾರ್ಗೂ ಹೇಳ್ಬ್ಯಾಡ ಕಣಪ್ಪ. ನಾನ್ ಕಣ್ಣಾರೆ ಕಾಣೋವರ್ಗೂ ಇದು ಸುಳ್ಳು. ನೋಡ್ಕಂಡ್ ಬತ್ತೀನಿ." ಬೆಲ್ಲವನ್ನು ಅಂಗಡಿಯ ಹಲಗೆಯ ಮೇಲೆಯೇ ಬಿಟ್ಟು 9 ಗಂಟೆ 50 ನಿಮಿಷದ ಬಸ್ಸು ಹತ್ತಿದ್ದಾರೆ.

10 ಗಂಟೆ 40 ನಿಮಿಷಕ್ಕೆ ಕಡೂರಿನಲ್ಲಿ ಇಳಿದು ನಡೆದುಕೊಂಡೇ ಆಸ್ಪತ್ರೆಗೆ ಹೋಗಿದ್ದಾರೆ. ಶವಾಗಾರದ ಹತ್ತಿರ ಇದ್ದವರು ಅಂಥ ಹೆಣ ಇಲ್ಲಿಗೆ ಬಂದಿಲ್ಲವಮ್ಮ ಎಂದು ಕಳಿಸಿದ್ದಾರೆ. ಹಿಂದೊಮ್ಮೆ ಪರಮೇಶ್ ನಮ್ಮ ಗೋದಾಮನ್ನು ಅಜ್ಜಿಗೆ ತೋರಿಸಿದ್ದನಂತೆ. ಅಲ್ಲಿಗೆ ಬಂದಿದ್ದಾರೆ.

ಮುಂದಿನದು ನಾನು ಕಣ್ಣಾರೆ ಕಂಡದ್ದು. ಇದನ್ನು ನಿನ್ನೆ ಹೊತ್ತಿಗೆ ಸರಿಯಾಗಿ ಹೇಳಲಿಲ್ಲ, ಅದಕ್ಕೇ ಇಂದು ಪೂರ್ತಿ ಹೇಳುತ್ತಿದ್ದೇನೆ.

ಬೆಳಿಗ್ಗೆ 11 ಗಂಟೆ 40 ನಿಮಿಷದ ಸುಮಾರಿಗೆ ನಾವು ಎರಡನೆಯ ದೃಶ್ಯ ಮಾಡುತ್ತಿದ್ದೆವು. ಪರಮೇಶ್ ನೆಲದ ಮೇಲೆ ಚಾಪೆಯಲ್ಲಿ ಮಲಗಿದ್ದನು. ಮೈಮೇಲೆ ಬಿಳಿ ಪಂಚೆ ಹೊದಿಸಿ, ಮುಖ ಮಾತ್ರ ಬಿಟ್ಟು, ಮೂಗಿಗೆ ಹತ್ತಿ ಇಟ್ಟಿದ್ದೆವು. ತಲೆಯ ಹತ್ತಿರ ದೀಪ ಇತ್ತು. ಪ್ರತಿಮಾ ಅವನ ಎದೆಯ ಮೇಲೆ ಬಿದ್ದು ಅವನ ಹೆಸರು ಹಿಡಿದು ಅಳುತ್ತಿದ್ದಳು. ಉಳಿದ ನಾಲ್ವರೂ ಸುತ್ತ ಕೂತು ಅಳುತ್ತಿದ್ದರು. ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ನಾನು ನಿಂತ ಜಾಗದಿಂದ ಸುಮಾರು ಹನ್ನೆರಡು ಅಡಿ ದೂರದಲ್ಲಿ ಸರಳಿನ ಕಿಟಕಿ ಇದೆ. ಅಲ್ಲಿ ಒಬ್ಬ ಮುದುಕಿ ಬಂದು ನಿಂತರು. ನೀಲಿ ಚೌಕಳಿ ಸೀರೆ, ಕೈಯಲ್ಲಿ ಹಳದಿ ವೈರಿನ ಬುಟ್ಟಿ. ಎರಡೂ ಕೈಯಲ್ಲಿ ಸರಳು ಹಿಡಿದು ಒಳಗೆ ನೋಡುತ್ತಿದ್ದರು. ಅವರ ಕಣ್ಣಿಂದ ನೀರು ಸುರಿಯುತ್ತಿತ್ತು, ಬಾಯಿಂದ ಸದ್ದೇ ಬರುತ್ತಿರಲಿಲ್ಲ.

ಮಾರುಕಟ್ಟೆಗೆ ಬಂದ ಯಾರೋ ಹೆಂಗಸು ಎಂದುಕೊಂಡೆ. ದಾರಿಹೋಕರು ನಮ್ಮ ದೃಶ್ಯ ನೋಡಿ ಅಳುವಷ್ಟು ಚೆನ್ನಾಗಿ ಬಂದಿದೆಯಲ್ಲ ಎಂದು ನನಗೆ ಹೆಮ್ಮೆಯಾಯಿತು. ನಾನು ನಕ್ಕೆ. ದೃಶ್ಯ ಕೆಡಬಾರದೆಂದು ಬಾಯಿ ಬಿಡದೆ, ಹೋಗಿ ಹೋಗಿ ಎಂದು ಕೈ ಬೀಸಿದೆ. ಅವರು ಇನ್ನೂ ಸುಮಾರು ಒಂದು ನಿಮಿಷ ನಿಂತಿದ್ದು ಹೊರಟುಹೋದರು. ಪರಮೇಶನ ಕಣ್ಣು ಮುಚ್ಚಿತ್ತು. ಉಳಿದವರ ಬೆನ್ನು ಕಿಟಕಿಯ ಕಡೆಗಿತ್ತು. ನೋಡಿದವಳು ನಾನೊಬ್ಬಳೇ.

ಮಧ್ಯಾಹ್ನ 1 ಗಂಟೆ 40 ನಿಮಿಷಕ್ಕೆ ಡಬ್ಬದ ಬೀಗ ತೆಗೆದೆ. ಪರಮೇಶ್ ಫೋನ್ ಆನ್ ಮಾಡಿದ ಕೂಡಲೇ ಒಂದರ ಹಿಂದೊಂದು ಸಂದೇಶ ಬಂದವು. ಒಂದರಲ್ಲಿ ಸಿಂಗಟಗೆರೆ ಸರ್ಕಲ್ಲಿನ ಫ್ಲೆಕ್ಸಿನ ಫೋಟೋ ಇತ್ತು. ಮೊದಲು ನಾವು ನಕ್ಕೆವು. ಆಮೇಲೆ ಅವನು ಲಕ್ಕಣ್ಣನವರಿಗೆ ಫೋನ್ ಮಾಡಿ, ಲಕ್ಕಣ್ಣ, ನಾನು ಪರ್ಮೇಶಿ ಕಣೋ ಎಂದನು. ಆ ಕಡೆ ಫೋನು ಕೆಳಗೆ ಬಿದ್ದ ಸದ್ದು ಕೇಳಿಸಿತು. ಮೂರನೆಯ ಸಲ ಮಾಡಿದಾಗ ಲಕ್ಕಣ್ಣ ಮಾತಾಡಿ, ಅಜ್ಜಿ ಒಂಬತ್ತು ಐವತ್ತರ ಬಸ್ಸಿಗೆ ನಿನ್ನ ಹುಡುಕಿಕೊಂಡು ಬಂತು, ಇನ್ನೂ ಸಿಕ್ಕಿಲ್ಲವಾ ಎಂದು ಕೇಳಿದರು.

1 ಗಂಟೆ 55 ನಿಮಿಷಕ್ಕೆ ಪರಮೇಶ್ ನಮ್ಮೆಲ್ಲರ ಮುಖ ನೋಡಿ, ಇಲ್ಲಿಗೆ ಯಾರಾದರೂ ಬಂದಿದ್ದರಾ ಎಂದು ಕೇಳಿದನು. ಸರಳು ಹಿಡಿದ ಆ ಎರಡು ಕೈಗಳು ಕಣ್ಣ ಮುಂದೆ ಬಂದವು. ನಾನು ಇಲ್ಲ ಎಂದೆ. ಯಾಕೆ ಹಾಗೆಂದೆನೋ ಈಗಲೂ ಗೊತ್ತಿಲ್ಲ. ಅದು ಬೇರೆ ಯಾರೋ ಮುದುಕಿ ಆಗಿರಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದೆ.

2 ಗಂಟೆಗೆ ಪರಮೇಶ್ ತರೀಕೆರೆಯಲ್ಲಿದ್ದ ತಂದೆಗೆ ಫೋನ್ ಮಾಡಿ ವಿಷಯ ತಿಳಿಸಿದನು. ಅಜ್ಜಿ ಊರಿಗೆ ಹಿಂದಿರುಗಿದರೆ ಮನೆಯಲ್ಲಿ ಯಾರಾದರೂ ಇರಲಿ ಎಂದು ಅವರು ನೇರ ಸಿಂಗಟಗೆರೆಗೆ ಹೊರಟರು. ಅಜ್ಜಿಗೆ ಸಕ್ಕರೆ ಕಾಯಿಲೆ ಇದೆ, ಬೆಳಿಗ್ಗೆ ಮಾತ್ರೆ ನುಂಗಿದ್ದಾರೆ, ಹೊತ್ತಿಗೆ ಸರಿಯಾಗಿ ಊಟ ಬೀಳದಿದ್ದರೆ ತಲೆ ತಿರುಗಿ ಬೀಳುತ್ತಾರೆ ಎಂದು ಪರಮೇಶ್ ಹೇಳಿದನು. ಇನ್ನೂ ಒಂದು ಮಾತು ಹೇಳಿದನು. ಅವರ ಮನೆಯಲ್ಲಿ ಸಾವಾದರೆ ಹೆಣ ಎತ್ತುವ ತನಕ ಯಾರೂ ಬಾಯಿಗೆ ಒಂದು ತೊಟ್ಟು ನೀರೂ ಹಾಕುವುದಿಲ್ಲ. ಅಜ್ಜಿಯಂತೂ ಖಂಡಿತ ಹಾಕುವುದಿಲ್ಲ. ನಿನ್ನೆ ಕಡೂರಿನ ಬಿಸಿಲು ಹೇಗಿತ್ತೆಂದು ಠಾಣೆಯವರಿಗೂ ಗೊತ್ತಿದೆ.

2 ಗಂಟೆ 35 ನಿಮಿಷಕ್ಕೆ ನಾವು ಆಸ್ಪತ್ರೆಯಲ್ಲಿದ್ದೆವು. ನೀಲಿ ಚೌಕಳಿ ಸೀರೆ, ಹಳದಿ ಬುಟ್ಟಿ ಹಿಡಿದ ಅಜ್ಜಿ ಬಂದಿತ್ತು ಎಂದು ಅಲ್ಲಿನವರು ಹೇಳಿದರು. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ಆಗಲೂ ನಾನು ಬಾಯಿ ಬಿಡಲಿಲ್ಲ. ಅಲ್ಲಿಂದ ಬಸ್ ನಿಲ್ದಾಣ, ಅಲ್ಲಿಂದ ರೈಲ್ವೆ ಸ್ಟೇಷನ್ನಿಗೆ ಹೋದೆವು. ಸ್ಟೇಷನ್ನಿನ ಹೊರಗೆ ಸೌತೆಕಾಯಿ ಮಾರುವ ಹೆಂಗಸು, ಒಂದು ಮುದುಕಿ ಹಳಿ ಪಕ್ಕ ಬೀರೂರಿನ ಕಡೆ ನಡೆದು ಹೋಯಿತು, ಕೂಗಿದರೂ ತಿರುಗಿ ನೋಡಲಿಲ್ಲ ಎಂದು ಹೇಳಿದಳು.

ನಾನೂ ಪರಮೇಶನೂ ಹಳಿಯ ಪಕ್ಕದ ಜಲ್ಲಿಯ ಮೇಲೆ ನಡೆದೆವು. ಉಳಿದವರು ಕೆರೆಯ ಕಡೆ ಹೋದರು. ಸುಮಾರು ಒಂದು ಕಿ.ಮೀ. ಹೋದ ಮೇಲೆ ಮುಂದೆ ಹಳಿಗಳ ನಡುವೆ ಏನೋ ನೀಲಿ ಬಣ್ಣದ್ದು ಬಿದ್ದಿರುವುದು ಕಾಣಿಸಿತು. ಪರಮೇಶ್ ನಿಂತುಬಿಟ್ಟನು. ಭುವನಾ, ನೀನ್ ಹೋಗಿ ನೋಡೇ, ನನ್ ಕೈಲಾಗಲ್ಲ ಎಂದನು. ಅಲ್ಲಿಂದ ಆ ಜಾಗಕ್ಕೆ ಐವತ್ತು ಹೆಜ್ಜೆ. ನಾನು ಎಣಿಸಿದ್ದೇನೆ. ಅಷ್ಟು ದೂರದ ದಾರಿಯನ್ನು ನಾನು ಹುಟ್ಟಿದಾಗಿನಿಂದ ನಡೆದಿಲ್ಲ. ಹತ್ತಿರ ಹೋಗಿ ನೋಡಿದರೆ ಅದು ಸಿಮೆಂಟಿನ ಹರಿದ ಚೀಲ. ಹಿಂದಿರುಗಿ ಬಂದು, ಅಜ್ಜಿ ಅಲ್ಲ ಎಂದೆ. ಅವನು ಜಲ್ಲಿಯ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡನು. ಆಗ 3 ಗಂಟೆ 20 ನಿಮಿಷ. ಅಲ್ಲಿ ನಾನು ಕಿಟಕಿಯ ವಿಷಯ ಹೇಳಿದೆ. ಅವನು ಕೇಳಿದ್ದು 1 ಗಂಟೆ 55ಕ್ಕೆ. ಒಂದು ಗಂಟೆ ಇಪ್ಪತ್ತೈದು ನಿಮಿಷ ನಾನು ಇದನ್ನು ಮುಚ್ಚಿಟ್ಟಿದ್ದೆ.

ಅವನು ನನ್ನನ್ನು ಬೈಯಲಿಲ್ಲ. ಹಾಗಾದರೆ ಅಜ್ಜಿ ಕಣ್ಣಾರೆ ನೋಡಿಬಿಟ್ಟಿದೆ, ಇನ್ನು ಯಾರು ಏನು ಹೇಳಿದರೂ ನಂಬುವುದಿಲ್ಲ ಎಂದಷ್ಟೇ ಹೇಳಿದನು. ಬೈದಿದ್ದರೆ ವಾಸಿಯಾಗಿತ್ತು.

3 ಗಂಟೆ 45 ನಿಮಿಷಕ್ಕೆ ನಾವು ಈ ಠಾಣೆಗೆ ಬಂದು ದೂರು ಕೊಟ್ಟೆವು. ಬರೆದುಕೊಂಡ ಮೇಲೆ ಎ.ಎಸ್.ಐ. ಸಾಹೇಬರು, ನೀನು ಸತ್ತಿದ್ದರೆ ನಿಮ್ಮಜ್ಜಿಗೆ ಮೊದಲು ಯಾರ ಚಿಂತೆ ಬರುತ್ತಿತ್ತು, ಯೋಚಿಸಿ ಹೇಳು ಎಂದು ಪರಮೇಶನನ್ನು ಕೇಳಿದರು. ಅವನು, ಅಕ್ಕಂದು ಸಾರ್ ಎಂದನು. ಅವನ ಅಕ್ಕ ಪ್ರಿಯಾಂಕಾ, 26 ವರ್ಷ, ಅಜ್ಜಂಪುರದಲ್ಲಿ ಇದ್ದಾರೆ. ಎರಡನೆಯ ಬಸುರಾದ್ದರಿಂದ ತವರಿಗೆ ಬರದೆ ಗಂಡನ ಮನೆಯಲ್ಲೇ ಉಳಿದಿದ್ದಾರೆ. ಒಂಬತ್ತು ತಿಂಗಳು ತುಂಬಿದೆ, ಬಿ.ಪಿ. ಜಾಸ್ತಿ ಇದೆ, ಗಾಬರಿ ಆಗುವ ಸುದ್ದಿ ಹೇಳಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಗಂಡ ಲಾರಿ ಓಡಿಸುವವರು, ನಿನ್ನೆ ಊರಲ್ಲಿ ಇರಲಿಲ್ಲ.

4 ಗಂಟೆ 20 ನಿಮಿಷಕ್ಕೆ ಪರಮೇಶ್ ಎ.ಎಸ್.ಐ. ಸಾಹೇಬರ ಎದುರಿಗೇ ಅಕ್ಕನ ಫೋನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದನು. ಎತ್ತಿದವರು ಅಕ್ಕ ಅಲ್ಲ.

"ಯಾರು?" ಎಂದು ಕೇಳಿತು ಅಜ್ಜಿಯ ದನಿ.

"ಅಜ್ಜಿ, ನಾನ್ ಕಣಜ್ಜಿ, ಪರ್ಮೇಶಿ."

ಅಜ್ಜಿ ಪಿಸುದನಿಯಲ್ಲಿ ಹೇಳಿದರು: "ಯಾರಪ್ಪ ನೀನು, ಅವನ್ ದನೀಲಿ ಮಾತಾಡ್ಬ್ಯಾಡ. ಬಸುರಿ ಹೆಂಗ್ಸು ಇರೋ ಮನೆ."

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಆಫ್ ಎಂದು ಬಂತು. ಬದುಕಿದ್ದಾರೆ ಎಂದು ಗೊತ್ತಾಗಿ ನನಗೆ ಒಂದು ಕ್ಷಣ ಜೀವ ಬಂದಂತಾಯಿತು, ಮರುಕ್ಷಣ ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು. ಒಂದು ಮನೆಯಲ್ಲಿ ನೀರಿಲ್ಲದೆ ಕೂತ ಮುದುಕಿ, ದಿನ ತುಂಬಿದ ಹೆಂಗಸು, ಇಬ್ಬರ ನಡುವೆ ನಾನು ಬರೆದ ಸುಳ್ಳು. ಎ.ಎಸ್.ಐ. ಸಾಹೇಬರು ಅಜ್ಜಂಪುರ ಠಾಣೆಯಿಂದ ಯಾರನ್ನಾದರೂ ಆ ಮನೆಗೆ ಕಳಿಸುತ್ತೇನೆಂದರು. ಬಸುರಿ ಮನೆ ಬಾಗಿಲಲ್ಲಿ ಖಾಕಿ ಕಂಡರೆ ಅಕ್ಕ ಅಲ್ಲೇ ಬೀಳುತ್ತಾಳೆ, ದಮ್ಮಯ್ಯ, ಕಳಿಸಬೇಡಿ ಎಂದು ಪರಮೇಶ್ ಕೈ ಮುಗಿದನು.

4 ಗಂಟೆ 30 ನಿಮಿಷಕ್ಕೆ ನನ್ನ ಸ್ಕೂಟರಿನಲ್ಲಿ ಬೀರೂರಿನ ಮೇಲೆ ಅಜ್ಜಂಪುರಕ್ಕೆ ಹೊರಟೆವು. ಪರಮೇಶನ ಮೂಗಿನಲ್ಲಿ ಹತ್ತಿಯ ಎಳೆ ಇನ್ನೂ ಅಂಟಿಕೊಂಡಿತ್ತು. ಅಜ್ಜಂಪುರದ ಹತ್ತಿರ ಬಂದಾಗ ಕನ್ನಡಿಯಲ್ಲಿ ನೋಡಿ ಹೇಳಿದೆ, ಅವನು ಒರೆಸಿಕೊಂಡನು.

5 ಗಂಟೆ 25 ನಿಮಿಷಕ್ಕೆ ಮನೆಯ ಮುಂದೆ ಸುಮಾರು ಇಪ್ಪತ್ತು ಅಡಿ ದೂರದಲ್ಲಿ ಗಾಡಿ ನಿಲ್ಲಿಸಿದೆ. ಹೊಸ್ತಿಲ ಮೇಲೆ ಕೂರಬಾರದು ಎಂದು ಮಕ್ಕಳಿಗೂ ಹೇಳುತ್ತಾರೆ. ಅಂಜಿನಮ್ಮನವರು ಹೊಸ್ತಿಲಿಗೇ ಅಡ್ಡಲಾಗಿ ಕೂತಿದ್ದರು. ಅದೇ ನೀಲಿ ಸೀರೆ, ಅದೇ ಹಳದಿ ಬುಟ್ಟಿ. ಪಕ್ಕದಲ್ಲಿ ನೀರು ತುಂಬಿದ ಚೊಂಬು, ಮುಟ್ಟದ ಊಟದ ತಟ್ಟೆ. ಅಕ್ಕನ ಫೋನನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಸುದ್ದಿ ಹೇಳುವವರು ಯಾರೇ ಬಂದರೂ ತನ್ನನ್ನು ದಾಟಿ ಒಳಗೆ ಹೋಗಬಾರದೆಂದು ಮಧ್ಯಾಹ್ನ 2 ಗಂಟೆಯಿಂದ ಹಾಗೆಯೇ ಕೂತಿದ್ದರೆಂದು ಆಮೇಲೆ ತಿಳಿಯಿತು. ಹಳಿ ಪಕ್ಕ ಹೋದ ಮುದುಕಿ ಬೇರೆ ಯಾರೋ. ಇವರು ಕಡೂರಿನಿಂದ ಬರುವ ಬಸ್ಸಿನುದ್ದಕ್ಕೂ ಅತ್ತು ಮುಗಿಸಿ, ಮುಖ ತೊಳೆದುಕೊಂಡು ಒಳಗೆ ಹೋಗಿ, ನಿನ್ನ ನೋಡಂಗಾಯ್ತು ಕಣವ್ವ ಬಂದೆ ಎಂದು ಮೊಮ್ಮಗಳಿಗೆ ಹೇಳಿದ್ದರಂತೆ.

ಪರಮೇಶ್ ಗಾಡಿಯಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟನು. ಅಜ್ಜಿ ಅವನನ್ನು ನೋಡಿದರು. ಕೂಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಎದ್ದು, ಇನ್ನೊಂದು ಕೈಯನ್ನು ಬಾಗಿಲಿಗೆ ಅಡ್ಡ ಚಾಚಿದರು.

"ಒಳೀಕ್ ಬರಬ್ಯಾಡ ಕಣಪ್ಪ," ಎಂದು ಪಿಸುಗುಟ್ಟಿದರು. "ನಿಮ್ಮಕ್ಕಂಗೆ ನಾನಿನ್ನೂ ಹೇಳಿಲ್ಲ. ದಿನ ತುಂಬೈತೆ. ನನ್ ನೋಡಾಕ್ ಬಂದಿದ್ರೆ ಅಲ್ಲಿಂದ್ಲೇ ನೋಡ್ಕಂಡ್ ಹೋಗು."

ಪರಮೇಶ್ ಅಲ್ಲೇ ನಿಂತು, "ಅಜ್ಜಿ, ನಾನ್ ಸತ್ತಿಲ್ಲ ಕಣಜ್ಜಿ," ಎಂದನು.

"ಮೊದ್ಲು ಹಂಗೇ ಅನ್ಸೋದು ಮಗ," ಎಂದರು ಅಜ್ಜಿ, ಸಮಾಧಾನ ಮಾಡುವವರ ಹಾಗೆ. "ನಿಮ್ ತಾತನೂ ಮೂರ್ ದಿನ ಕೊಟ್ಟಿಗೆ ತಾವ ಬಂದ್ ನಿಂತ್ಕಳೋರು."

ಅವರು ಅವನ ಕಾಲನ್ನೇ ನೋಡುತ್ತಿದ್ದರು. ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಪರಮೇಶನಿಗೆ ಅದು ಅರ್ಥವಾಗಿ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತನು. ಅಜ್ಜಿ ಬಗ್ಗಿ ಬಹಳ ಹೊತ್ತು ನೋಡಿದರು. ಆದರೂ ಅಡ್ಡ ಹಿಡಿದ ಕೈ ತೆಗೆಯಲಿಲ್ಲ.

ಒಳಗಿನಿಂದ, ಯಾರಜ್ಜಿ ಬಂದಿರೋದು ಎಂದು ಅಕ್ಕನ ದನಿ ಬಂತು. ಅಜ್ಜಿ ತಿರುಗಿಯೂ ನೋಡದೆ, ಯಾರೂ ಇಲ್ಲ ಕಣವ್ವ, ನೀನ್ ಮಲಕ್ಕ ಎಂದರು. ಪರಮೇಶನಿಗೆ, ಹೋಗು ಹೋಗು ಎಂದು ಕೈ ಬೀಸಿದರು. ಬೆಳಿಗ್ಗೆ ನಾನು ಅವರಿಗೆ ಬೀಸಿದ ಹಾಗೆಯೇ ಇತ್ತು.

ಅಷ್ಟರಲ್ಲಿ ಪ್ರಿಯಾಂಕಾ ಸೊಂಟಕ್ಕೆ ಕೈ ಕೊಟ್ಟುಕೊಂಡು ಬಾಗಿಲಿಗೆ ಬಂದರು. ಅಜ್ಜಿಯ ತೋಳಿನ ಮೇಲಿಂದ ಇಣುಕಿ, "ಏನೋ ಪರ್ಮೇಶಿ, ಬಿಸ್ಲಲ್ಲಿ ಒಣ್ಗಿ ಕೊಬ್ರಿ ಆಗಿದೀಯಲ್ಲೋ. ಬೀದೀಲಿ ಯಾಕ್ ನಿಂತಿದೀಯ, ಬಾ ಒಳಗೆ," ಎಂದರು.

ಅಜ್ಜಿ ಮೊಮ್ಮಗಳ ಮುಖ ನೋಡಿದರು, ಮೊಮ್ಮಗನ ಮುಖ ನೋಡಿದರು.

"ನಿಂಗೂ ಕಾಣ್ತಾನೇನವ್ವ?"

"ಇಷ್ಟುದ್ದ ನಿಂತವ್ನೆ, ಕಾಣ್ದೆ ಏನಜ್ಜಿ?" ಎಂದು ಪ್ರಿಯಾಂಕಾ ನಕ್ಕರು. "ಊಟ ಬಿಟ್ಟು ಸಕ್ರೆ ಇಳ್ದೈತೆ ನಿಂಗೆ, ಏನೇನೋ ಮಾತಾಡ್ತೀಯ."

ಅಜ್ಜಿ ಹಾಗೆಯೇ ಕುಸಿದು ಕೂತರು. ಪರಮೇಶ್ ಓಡಿ ಬಂದು ಹಿಡಿದುಕೊಂಡನು. ನಾನು ಚೊಂಬು ಎತ್ತಿ ಅವರ ಬಾಯಿಗೆ ಹಿಡಿಯಲು ಹೋದೆ. ಅವರು ಅದನ್ನು ಪರಮೇಶನ ಕಡೆ ತಳ್ಳಿ, ಮೊದ್ಲು ನೀನ್ ಕುಡಿ ಎಂದರು. ಅವನು ಕುಡಿಯುವಾಗ ನೀರು ಗಂಟಲಲ್ಲಿ ಇಳಿಯುವುದನ್ನು ಕಣ್ಣಿಟ್ಟು ನೋಡಿದರು. ಆಮೇಲೆ ಚೊಂಬು ಕಿತ್ತುಕೊಂಡು ಉಳಿದದ್ದನ್ನೆಲ್ಲ ಒಂದೇ ಉಸಿರಿಗೆ ಕುಡಿದರು. ಆಗ 5 ಗಂಟೆ 40 ನಿಮಿಷ. ಬೆಳಿಗ್ಗೆ 9 ಗಂಟೆ 30ರಿಂದ ಅವರ ಬಾಯಿಗೆ ಬಿದ್ದ ಮೊದಲ ನೀರು ಅದು.

ಪ್ರಿಯಾಂಕಾ ಕಾಫಿ ಮಾಡಲು ಒಳಗೆ ಹೋದರು. ಪರಮೇಶ್ ಅಕ್ಕನ ಫೋನು ಆನ್ ಮಾಡಿ, ಅದಕ್ಕೆ ಬಂದಿದ್ದ ಫ್ಲೆಕ್ಸಿನ ಐದು ಫೋಟೋಗಳನ್ನು ಅಳಿಸಿದನು. ಆಗ ಅಜ್ಜಿ ನನ್ನ ಕಡೆ ತಿರುಗಿದರು. ಅವರ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

"ಕಿಟ್ಕೀಲಿ ಕಂಡಿದ್ದು ನೀನೇ ಅಲ್ವೇನವ್ವ? ಹೆಣದ್ ಮುಂದೆ ನಿಂತು ನಗ್ತಿದ್ದೆ. ಪಾಪ, ಇವ್ಳಿಗೆ ನನ್ಗಿಂತ ಜಾಸ್ತಿ ಸಂಕ್ಟ ಆಗೈತೆ, ತಲೆ ಕೆಟ್ಟೈತೆ ಅಂದ್ಕಂಡೆ. ಊಟ ಮಾಡಿದ್ಯೇನವ್ವ?"



ಆಮೇಲೆ ಅಂಜಿನಮ್ಮನವರನ್ನು ಅಜ್ಜಂಪುರದ ಆಸ್ಪತ್ರೆಯಲ್ಲಿ ತೋರಿಸಿದೆವು. ಡಾಕ್ಟರು ಡ್ರಿಪ್ ಹಾಕಿ ರಾತ್ರಿ 8 ಗಂಟೆಗೆ ಪ್ರಿಯಾಂಕಾ ಅವರ ಮನೆಗೇ ಕಳಿಸಿದರು. ಪ್ರಿಯಾಂಕಾ ಅವರಿಗೆ, ಬಿಸಿಲಿಗೆ ಅಜ್ಜಿಗೆ ಸಕ್ಕರೆ ಇಳಿದಿತ್ತು ಎಂದಷ್ಟೇ ಗೊತ್ತು.

ಇಂದು ಬೆಳಿಗ್ಗೆ 8 ಗಂಟೆಗೆ ಸಿಂಗಟಗೆರೆಗೆ ಹೋದೆವು. ಫ್ಲೆಕ್ಸ್ ಕಟ್ಟಿದ ಹಾಗೆಯೇ ಇತ್ತು. ಪರಮೇಶ್ ಬದುಕಿದ್ದಾನೆಂದು ಗೊತ್ತಾದ ಮೇಲೂ ಅದನ್ನು ಮುಟ್ಟಲು ಊರಲ್ಲಿ ಯಾರಿಗೂ ಧೈರ್ಯ ಬಂದಿರಲಿಲ್ಲ. ಪರಮೇಶ್ ತಾನೇ ಏಣಿ ಹತ್ತಿ ಬಿಚ್ಚಿದನು. ಏಣಿ ಹಿಡಿದ ಲಕ್ಕಣ್ಣನವರು ಮುಖವನ್ನು ಆ ಕಡೆ ತಿರುಗಿಸಿಕೊಂಡಿದ್ದರು. ಸದರಿ ಫ್ಲೆಕ್ಸನ್ನು ಸುತ್ತಿ ತಂದು ಠಾಣೆಗೆ ಒಪ್ಪಿಸಿದ್ದೇನೆ. ನಾಟಕ ಆಡುವುದೋ ಬೇಡವೋ ಎಂಬುದನ್ನು ಪಂಕಜಾಕ್ಷಿ ಮೇಡಂ ತೀರ್ಮಾನಿಸುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಹಾಗೆ ಆಯಿತು ನನ್ನದು. ಬರೆದವಳು ನಾನು, ನಾಟಕ ಎಂಬ ಒಂದು ಮಾತು ಸೇರಿಸದೆ ಬಿಟ್ಟವಳು ನಾನು, ಕೈ ಬೀಸಿದವಳು ನಾನು, ಮುಚ್ಚಿಟ್ಟವಳೂ ನಾನೇ. ಗುಂಡಣ್ಣನವರ ಮೇಲಾಗಲಿ ನನ್ನ ಜೊತೆಯವರ ಮೇಲಾಗಲಿ ಕ್ರಮ ಬೇಡವೆಂದು ಕೇಳಿಕೊಳ್ಳುತ್ತೇನೆ.

ಕಡೆಯದಾಗಿ ಒಂದು ಕೋರಿಕೆ. ಅಂಜಿನಮ್ಮನವರು ಊರಿಗೆ ಹಿಂದಿರುಗಲು ಒಪ್ಪಿಲ್ಲ. ಫ್ಲೆಕ್ಸ್ ಬಿಚ್ಚಿದರೂ ಅದರ ಫೋಟೋ ವಾಟ್ಸಾಪಿನಲ್ಲಿ ಇನ್ನೂ ಊರೂರು ಸುತ್ತುತ್ತಿದೆ. ಚೌಳಹಿರಿಯೂರಿನಿಂದ ಯಾರೋ ನೆಂಟರು ಇಂದು ಬೆಳಿಗ್ಗೆ ಮಾತಾಡಿಸಿಕೊಂಡು ಹೋಗಲು ಅಜ್ಜಂಪುರಕ್ಕೆ ಬಂದಿದ್ದರಂತೆ, ಅಜ್ಜಿ ಅವರನ್ನು ಬೀದಿಯಿಂದಲೇ ವಾಪಸ್ಸು ಕಳಿಸಿದ್ದಾರೆ. ಆದ್ದರಿಂದ ಹೆರಿಗೆ ಆಗುವವರೆಗೆ ಈ ವಿಚಾರಣೆಯ ಸಂಬಂಧ ಠಾಣೆಯಿಂದ ಯಾರೂ ಆ ಮನೆಗೆ ಹೋಗಬಾರದೆಂದು ಅವರು ಹೇಳಿ ಕಳಿಸಿದ್ದಾರೆ. ಅವರ ಸಹಿ ಬೇಕಾದರೆ ಅವರೇ ಕಡೂರಿಗೆ ಬಂದು ಹೆಬ್ಬೆಟ್ಟು ಒತ್ತುತ್ತಾರಂತೆ, ಹೆರಿಗೆ ಆದ ಮೇಲೆ. ಅಲ್ಲಿಯವರೆಗೆ ಅವರು ಆ ಹೊಸ್ತಿಲು ಬಿಟ್ಟು ಏಳುವುದಿಲ್ಲ. ಈ ಹೇಳಿಕೆ ಬರೆಸುತ್ತಿರುವ ಹೊತ್ತಿನಲ್ಲೂ ಅಲ್ಲಿಯೇ ಕೂತಿದ್ದಾರೆ.

ನಾನು ಹೇಳಿದ್ದನ್ನೇ ಬರೆದುಕೊಂಡಿದ್ದಾರೆ. ಓದಿಸಿ ಕೇಳಿದೆ. ಸೇರಿಸಿದ್ದಿಲ್ಲ, ಈ ಸಲ ಬಿಟ್ಟದ್ದೂ ಇಲ್ಲ. ಸತ್ಯವೆಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಕಡೂರು
ದಿನಾಂಕ: 21-04-2025, ಸಮಯ: ಮಧ್ಯಾಹ್ನ 12 ಗಂಟೆ 10 ನಿಮಿಷ

ಸಹಿ
ಭುವನಾ